ಬೆರಿ ತಿಂದರೆ ತೂಕ ಇಳಿಯುತ್ತಾ? ಹೇಗೆ, ಎಷ್ಟು ತಿನ್ನಬೇಕು?

ಬ್ಲೂಬೆರಿ ತಿಂದರೆ ಹೊಟ್ಟೆ ಕರಗುತ್ತದೆ ಅನ್ನುವ ರೀಲ್ಸ್ ನೀವೂ ನೋಡಿರುತ್ತೀರಿ. ಹಾಗೇನೂ ಇಲ್ಲ. ಯಾವ ಹಣ್ಣೂ ತಾನಾಗಿ ಕೊಬ್ಬು ಕರಗಿಸುವುದಿಲ್ಲ. ಆದರೂ ಬೆರಿಗಳನ್ನು ತಳ್ಳಿಹಾಕುವ ಹಾಗಿಲ್ಲ. ಸರಿಯಾಗಿ ತಿಂದರೆ ರಕ್ತನಾಳಕ್ಕೆ, ಕೊಲೆಸ್ಟ್ರಾಲ್‌ಗೆ ಒಂದಿಷ್ಟು ಒಳ್ಳೆಯದಾಗುತ್ತದೆ.

1. ಯಾವುದನ್ನು ಬಿಡುತ್ತೀರಿ, ಮೊದಲು ಅದನ್ನು ನಿರ್ಧರಿಸಿ

100 ಗ್ರಾಂ ಸ್ಟ್ರಾಬೆರಿಯಲ್ಲಿ ಸುಮಾರು 32 ಕ್ಯಾಲೊರಿ, ಬ್ಲೂಬೆರಿಯಲ್ಲಿ 57. ಅಷ್ಟೇ ತೂಕದ ಬಿಸ್ಕತ್ತಿನಲ್ಲಿ 450ರ ಆಸುಪಾಸು. ಸಂಜೆ ಕಾಫಿ ಜೊತೆ ತಿನ್ನುವ ಬಿಸ್ಕತ್ತು, ಮಿಕ್ಸ್ಚರ್ ಬಿಟ್ಟು ಆ ಹೊತ್ತಿಗೆ ಹಣ್ಣು ತಿಂದರೆ ಲಾಭ. ಅದನ್ನೂ ತಿಂದು, ಮೇಲೊಂದು ಬಟ್ಟಲು ಬೆರಿಯನ್ನೂ ತಿಂದರೆ ಸುಮ್ನೆ ಕ್ಯಾಲೊರಿ ಜಾಸ್ತಿ.

ಅಮೆರಿಕದಲ್ಲಿ 1.3 ಲಕ್ಷಕ್ಕೂ ಹೆಚ್ಚು ಜನರ ಊಟ-ತಿಂಡಿ, ತೂಕವನ್ನು 24 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದು ಪಾಲು ಬೆರಿ ಹೆಚ್ಚಿಸಿಕೊಂಡವರ ತೂಕದಲ್ಲಿ ಕಂಡ ವ್ಯತ್ಯಾಸ ಸುಮಾರು ಅರ್ಧ ಕೆಜಿ. ಅದೂ ನಾಲ್ಕು ವರ್ಷಕ್ಕೆ! ಬೆರಿ ತಿನ್ನುವವರು ವಾಕಿಂಗೂ ಮಾಡುವವರೇ ಇರಬಹುದು, ಅಲ್ವಾ?

2. ಅಳತೆ ಇಟ್ಟುಕೊಳ್ಳಿ

2019ರಲ್ಲಿ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ತಂಡ ಒಂದು ಪ್ರಯೋಗದ ಫಲ ಪ್ರಕಟಿಸಿತು. ಮೆಟಬಾಲಿಕ್ ಸಿಂಡ್ರೋಮ್ ಇದ್ದವರಿಗೆ, ಅಂದರೆ ಹೊಟ್ಟೆ, ಬಿಪಿ, ಸಕ್ಕರೆ, ಕೊಬ್ಬು ಇವುಗಳಲ್ಲಿ ಮೂರ್ನಾಲ್ಕು ಒಟ್ಟಿಗೆ ಹದ ತಪ್ಪಿದವರಿಗೆ, ಆರು ತಿಂಗಳು ದಿನಾ ಬ್ಲೂಬೆರಿ ಪುಡಿ ಕೊಟ್ಟಿದ್ದರು. 150 ಗ್ರಾಂ ಹಣ್ಣಿಗೆ ಸಮನಾದಷ್ಟು ತಿಂದವರಲ್ಲಿ ರಕ್ತನಾಳ ಹಿಗ್ಗುವ ಶಕ್ತಿ ಸುಧಾರಿಸಿತು. ಅವರಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳದವರಿಗೆ ಒಳ್ಳೆಯ ಕೊಲೆಸ್ಟ್ರಾಲೂ ಹೆಚ್ಚಿತು. 75 ಗ್ರಾಂನವರಿಗೆ ಆ ಲಾಭ ಸಿಗಲಿಲ್ಲ. ಇನ್ಸುಲಿನ್ ಕೆಲಸ ಮಾತ್ರ ಯಾರಲ್ಲೂ ಸುಧಾರಿಸಲಿಲ್ಲ. ಅಂದಹಾಗೆ, ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯ ಹಣವೂ ಈ ಪ್ರಯೋಗಕ್ಕೆ ಬಂದಿತ್ತು.

ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಮಾನ್ಯವಾಗಿ 125 ಗ್ರಾಂ ಇರುತ್ತದೆ. ದಿನಕ್ಕೊಂದು ಡಬ್ಬಿ ಸಾಲದು! ಜೇಬಿಗೆ ಯಾಕೆ ಕತ್ತರಿ?

3. ಸೀಸನ್ ನೋಡಿ ಕೊಳ್ಳಿ

ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ. ಮಧ್ಯಮ ಗಾತ್ರದ್ದು ಹತ್ತು-ಹನ್ನೆರಡು ಹಣ್ಣು ಸಾಕು. ಮುಂಗಾರಿನ ಹೊತ್ತಿಗೆ ನೇರಳೆ. ನಾಲಿಗೆಯನ್ನು ನೇರಳೆ ಮಾಡುವ ಬಣ್ಣವೇ ಆಂಥೋಸಯನಿನ್. ಬ್ಲೂಬೆರಿಯಲ್ಲೂ ಇರುವುದು ಅದೇ ಜಾತಿಯ ಬಣ್ಣ. ಬಿಪಿ ಇದ್ದವರು ಗಾಡಿಯವನು ಉದುರಿಸುವ ಉಪ್ಪು ಬೇಡವೆನ್ನಿ. ನೇರಳೆ ಬೀಜದ ಪುಡಿ ನಂಬಿ ಶುಗರ್ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

4. ಹಣ್ಣನ್ನು ಹಣ್ಣಾಗಿಯೇ ತಿನ್ನಿ

ಜ್ಯೂಸ್ ಸೋಸಿದರೆ ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಜಾಮ್ ಬೇಡ. ಒಣಗಿದ ಕ್ರ್ಯಾನ್‌ಬೆರಿ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ. ಸಿಹಿ ಹಾಕಿದ್ದರಲ್ಲಿ 100 ಗ್ರಾಂಗೆ 70 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಹುಳಿ ಹಣ್ಣಾದರೆ ಗಟ್ಟಿ ಮೊಸರಿನಲ್ಲಿ ಕಲಸಿ, ಚೂರು ಏಲಕ್ಕಿ ಉದುರಿಸಿ. ಸಕ್ಕರೆ ನೆನಪೇ ಬರುವುದಿಲ್ಲ.

5. ತೊಳೆಯುವುದು ತಿನ್ನುವ ಮುಂಚೆ

ತಂದ ಕೂಡಲೇ ತೊಳೆದು ಫ್ರಿಜ್ಜಿಗೆ ಇಟ್ಟರೆ ತೇವಕ್ಕೆ ಬೂಸು ಹಿಡಿಯುತ್ತದೆ. ಬೂಸು ಬಂದ ಹಣ್ಣನ್ನೂ ಅದಕ್ಕೆ ಅಂಟಿದ್ದನ್ನೂ ಎಸೆಯಿರಿ. ಸ್ಟ್ರಾಬೆರಿಯ ತೊಟ್ಟನ್ನು ತೊಳೆದ ಮೇಲೆ ಕೀಳಿ, ಇಲ್ಲದಿದ್ದರೆ ಒಳಗೆ ನೀರು ಹೋಗಿ ಸಪ್ಪೆಯಾಗುತ್ತದೆ. ಉಳಿದದ್ದನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ಗೆ ಇಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ.

6. ತಕ್ಕಡಿ ಒಂದನ್ನೇ ನೋಡಬೇಡಿ

ಹೊಕ್ಕುಳ ಮಟ್ಟದಲ್ಲಿ ಟೇಪ್ ಸುತ್ತಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಶುಗರ್ ಇದ್ದವರು ಹಣ್ಣಿನ ಪ್ರಮಾಣವನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತದೆ. ಹಾಗಾಗಿ ವಾರ ಕಳೆದ ಕೂಡಲೇ ಲ್ಯಾಬಿಗೆ ಓಡಬೇಡಿ.