ಚಳಿಗಾಲಕ್ಕೆ ಸ್ಪ್ಲಿಟ್: ಮೊದಲು ಮನೆ ನೋಡಿ, ಆಮೇಲೆ ಊರು

ಯೂರೋಪಿಗೆ ಹೊಸದಾಗಿ ಬಂದು, ಮೊದಲ ಡಿಸೆಂಬರಿನ ಕತ್ತಲೆಗೇ ಬೇಸತ್ತವರಿಗೆ ಕ್ರೊಯೇಷಿಯಾದ ಸ್ಪ್ಲಿಟ್ ಒಳ್ಳೆಯ ಜಾಗ. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ 305ರಲ್ಲಿ ಪಟ್ಟ ಬಿಟ್ಟು ಬಂದು ನೆಲೆಸಿದ ಅರಮನೆಯೇ ಇಲ್ಲಿನ ಹಳೇ ಊರು. ಆ ಗೋಡೆಗಳೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗದ್ದಲ ಇರುತ್ತೆ. ನೆಮ್ಮದಿ ಬೇಕಿದ್ದರೆ ಜನವರಿ ಮಧ್ಯದ ನಂತರ ಬನ್ನಿ. ಆಗ ಕೆಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಅಷ್ಟೇ.

ಹೊಸಬರು ಎಡವುವುದು ಮನೆ ಹಿಡಿಯುವಾಗ. ಹೊರಗೆ ಹತ್ತು ಹನ್ನೆರಡು ಡಿಗ್ರಿ ಇದ್ದರೂ ಹಳೇ ಕಲ್ಲುಮನೆಯ ಒಳಗೆ ಮಡಿಕೇರಿಯ ಆಷಾಢದಂಥ ಥಂಡಿ. ಎಷ್ಟೋ ಮನೆಗಳಲ್ಲಿ ಹಾಲ್‌ನಲ್ಲಿರುವ ಒಂದು ಎಸಿಯೇ ಹೀಟರ್. ಮುಂಗಡ ಕೊಡುವ ಮೊದಲೇ ಕೇಳಿ: ಮಲಗುವ ಕೋಣೆಗೂ ಬಚ್ಚಲಿಗೂ ಹೀಟರ್ ಇದೆಯಾ? ಕಿಟಕಿಗೆ ಜೋಡಿ ಗಾಜಾ? ಕರೆಂಟ್ ಬಿಲ್ ಬಾಡಿಗೆಯಲ್ಲೇ ಸೇರಿದೆಯಾ? ಅರಮನೆಯ ಓಣಿಗಳ ನೆಲಮಹಡಿ ಬೇಡ, ಬಿಸಿಲೇ ತಾಗಲ್ಲ. ಪಕ್ಕದ ವೆಲಿ ವರೋಶ್‌ನಲ್ಲಿ ದಕ್ಷಿಣಕ್ಕೆ ಕಿಟಕಿಯಿರುವ ಮೇಲ್ಮಹಡಿ ವಾಸಿ.

ಇನ್ನು ಗಾಳಿ. ಈಶಾನ್ಯದಿಂದ ಬೀಸುವುದು ಬುರಾ: ಒಣ ಗಾಳಿ, ಕೊರೆಯುವ ಚಳಿ, ತಿಳಿ ಆಕಾಶ. ಆಗ್ನೇಯದ್ದು ಯೂಗೊ: ತೇವ, ಮೋಡ, ಮಳೆ. ಬುರಾ ಬಂದ ದಿನ ಕಿಟಕಿ ಹತ್ತು ನಿಮಿಷ ತೆರೆದಿಡಿ, ಬಟ್ಟೆ ಒಗೆದು ಹಾಕಿ. ಯೂಗೊ ದಿನಗಳಲ್ಲಿ ಬಟ್ಟೆ ಒಳಗೇ ಹರವಿ, ಮೇಲಿಂದ ಅನ್ನ-ಸಾರಿನ ಹಬೆಯೂ ಸೇರಿದರೆ, ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತೆ. ಆಮೇಲೆ ಮನೆ ಮಾಲೀಕರೊಂದಿಗೆ ಡಿಪಾಸಿಟ್ ಜಗಳ. ಗಾಳಿ ಜೋರಾದರೆ ಹ್ವಾರ್, ವಿಸ್ ದ್ವೀಪಗಳ ಕ್ಯಾಟಮರಾನ್ ದೋಣಿಗಳು ರದ್ದಾಗುತ್ತವೆ. ಹಾಗಾಗಿ ವಿಮಾನ ಹತ್ತುವ ಹಿಂದಿನ ದಿನ ದ್ವೀಪಕ್ಕೆ ಹೋಗಬೇಡಿ. ಓಣಿಯ ಬಿಳಿಗಲ್ಲು ಸವೆದು ನುಣುಪಾಗಿದೆ, ಮಳೆಯಲ್ಲಿ ಸೋಪಿನ ಹಾಗೆ ಜಾರುತ್ತೆ. ರಬ್ಬರ್ ಅಟ್ಟೆಯ ಶೂ ಇರಲಿ.

ಅಡುಗೆಗೆ ಚಿಂತೆಯಿಲ್ಲ. ಪೂರ್ವದ ಗೋಡೆಗೆ ಅಂಟಿಕೊಂಡೇ ಪಜಾರ್ ಅನ್ನೋ ತರಕಾರಿ ಸಂತೆ ಇದೆ. ಬೆಳಿಗ್ಗೆಯೇ ಹೋಗಿ, ಚಿಲ್ಲರೆ ಯೂರೋ ಇಟ್ಟುಕೊಂಡು. 'ಬ್ಲಿತ್ವಾ' ಅಂತ ಕೇಳಿ ಕೊಳ್ಳುವ ಸೊಪ್ಪು ಬಸ್ಸಾರಿಗೆ ಚೆನ್ನಾಗಿ ಒಗ್ಗುತ್ತೆ. ತೊಗರಿಬೇಳೆ, ಹುಣಸೆಹಣ್ಣು, ಸಾರಿನಪುಡಿ ಮಾತ್ರ ಕಟ್ಟಿಕೊಂಡು ಬನ್ನಿ. ನಲ್ಲಿ ನೀರು ಯಾದ್ರೋ ನದಿಯ ಮೂಲದ್ದು, ಧಾರಾಳವಾಗಿ ಕುಡಿಯಬಹುದು. ಚಕ್ರವರ್ತಿಯ ಮೇಲ್ಗಾಲುವೆಯೂ ಅಲ್ಲಿಂದಲೇ ನೀರು ತರುತ್ತಿತ್ತು. ಸಸ್ಯಾಹಾರಿಗಳು ಸೊಪರ್ನಿಕ್ ಬಿಡಬೇಡಿ: ತೆಳ್ಳಗೆ ಲಟ್ಟಿಸಿದ ಎರಡು ಹಾಳೆ ಹಿಟ್ಟಿನ ನಡುವೆ ಇದೇ ಸೊಪ್ಪು ಹರಡಿ, ಒಲೆಯ ಮೇಲೆ ಕೆಂಡ-ಬೂದಿ ಮುಚ್ಚಿ ಬೇಯಿಸಿ, ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆ ಸವರಿದ ದೊಡ್ಡ ರೊಟ್ಟಿ. ಹುರುಳಿಕಾಯಿ ಬೀಜದ ಸೂಪನ್ನು ಮಾತ್ರ ನಂಬಬೇಡಿ, ಹೊಗೆಯಾಡಿಸಿದ ಮಾಂಸ ಸೇರಿರುತ್ತೆ. ಭಾನುವಾರಕ್ಕೆ ಬೇಕಾದ್ದನ್ನು ಶನಿವಾರವೇ ತನ್ನಿ: 2023ರ ಕಾನೂನಿನಂತೆ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದು.

ಕಾಗದಪತ್ರ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ, ಅಂದರೆ ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಯೂರೋಪಿನ ದೇಶಗಳ ಕೂಟದಲ್ಲಿ. ಜರ್ಮನಿಯಂಥ ಬೇರೆ ಷೆಂಗೆನ್ ದೇಶದ ರೆಸಿಡೆನ್ಸ್ ಕಾರ್ಡ್ ಇದ್ದವರು 180 ದಿನಗಳಲ್ಲಿ 90 ದಿನ ಇರಬಹುದು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಗಡಿಯಲ್ಲಿ ಮುದ್ರೆ ಬೀಳದ ಕಾರಣ ಟಿಕೆಟ್ ಜೋಪಾನ. ನಿಮ್ಮ ಹೆಸರನ್ನು ಇವಿಸಿಟರ್ ಅನ್ನೋ ಪ್ರವಾಸಿಗರ ಆನ್‌ಲೈನ್ ದಾಖಲೆಯಲ್ಲಿ ನೋಂದಾಯಿಸುವುದು ಮನೆ ಮಾಲೀಕರ ಕೆಲಸ, ಆಯಿತಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಊರಿಂದ ಅಪ್ಪ-ಅಮ್ಮ ಸಿಂಗಲ್ ಎಂಟ್ರಿ ವೀಸಾದಲ್ಲಿ ಬಂದಿದ್ದರೆ ಅವರನ್ನು ಮೊಸ್ತಾರ್ ನೋಡಲು ಕರೆದೊಯ್ಯಬೇಡಿ. ಅದು ಬೋಸ್ನಿಯಾ, ಷೆಂಗೆನ್ ಅಲ್ಲ. ಅತ್ತ ಹೋದರೆ ಇತ್ತ ಬರುವಂತಿಲ್ಲ.

ಡಿಸೆಂಬರ್ ಕೊನೆಗೆ ಸಂಜೆ ನಾಲ್ಕೂಕಾಲು ದಾಟುತ್ತಲೇ ಸೂರ್ಯ ಮುಳುಗುತ್ತೆ, ಬಿಸಿಲು ಬೇಕಾದವರು ಮಧ್ಯಾಹ್ನವೇ ರೀವಾಕ್ಕೆ ಹೋಗಬೇಕು. ಅರಮನೆಯ ದಕ್ಷಿಣ ಗೋಡೆಗೂ ಸಮುದ್ರಕ್ಕೂ ನಡುವಿನ ಈ ಬೀದಿಗೆ ಬುರಾ ಅಷ್ಟಾಗಿ ತಾಗಲ್ಲ. ಕಾಫಿ ಕಪ್ಪಿನ ಜತೆಗೇ ಬಿಲ್ಲನ್ನೂ ಇಟ್ಟು ಹೋಗುತ್ತಾರೆ. ಎದ್ದು ಹೊರಡಿ ಅಂತ ಅದರ ಅರ್ಥವಲ್ಲ, ಒಂದೇ ಕಾಫಿಗೆ ಒಂದೂವರೆ ಗಂಟೆ ಕೂತರೂ ಯಾರೂ ಏನೂ ಅನ್ನಲ್ಲ.