ಥೇಮ್ಸ್ ದಡದ ಪಬ್‌ನಲ್ಲಿ ಭಾನುವಾರದ ಊಟ: ಹೊಸಬರಿಗೆ ಮಾರ್ಗದರ್ಶಿ

ಊರಿಂದ ಬಂದ ಅಪ್ಪ-ಅಮ್ಮನನ್ನು, ಮಕ್ಕಳನ್ನು ಪಬ್‌ಗೆ ಕರೆದುಕೊಂಡು ಹೋಗಬಹುದೇ ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಧಾರಾಳವಾಗಿ ಹೋಗಬಹುದು. ಕುಡಿಯದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಕೆಲವು ಕಡೆ ಮಾತ್ರ ಸಂಜೆಯಾದ ಮೇಲೆ ಮಕ್ಕಳಿಗೆ ಪ್ರವೇಶವಿಲ್ಲ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ನಮ್ಮವರು ಎಡವುವುದು ಹೊತ್ತಿನ ವಿಷಯದಲ್ಲಿ. ಒಂದು ಗಂಟೆಗೆ ಟೇಬಲ್ ಹೇಳಿ ಎರಡೂವರೆಗೆ ಹೋದರೆ ಟೇಬಲ್ ಬೇರೆಯವರಿಗೆ ಹೋಗಿರುತ್ತದೆ. ಸಂಡೇ ರೋಸ್ಟ್ (ಓವನ್‌ನಲ್ಲಿ ಬೇಯಿಸಿದ ಮಾಂಸ, ಆಲೂಗಡ್ಡೆ, ತರಕಾರಿಗಳ ಭಾನುವಾರದ ಊಟ) ಅವತ್ತು ಮಾಡಿದಷ್ಟೇ; ಮುಗಿದರೆ ಮುಗಿಯಿತು. ಬಾರ್ ರಾತ್ರಿಯವರೆಗೆ ತೆರೆದಿದ್ದರೂ ಅಡುಗೆಮನೆ ಮೊದಲೇ ಮುಚ್ಚುತ್ತದೆ. ವಾರದ ದಿನಗಳಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಬಿಸಿ ಊಟ ಸಿಗದ ಪಬ್‌ಗಳೂ ಬಹಳ.

ಟೇಬಲ್ ಹತ್ತಿರ ಯಾರೂ ಬರಲಿಲ್ಲವೆಂದು ಕಾಯುತ್ತಾ ಕೂರಬೇಡಿ. ಟೇಬಲ್ ಮೇಲಿನ ನಂಬರ್ ನೋಡಿಕೊಂಡು ಬಾರ್‌ಗೆ ಹೋಗಿ, ನಂಬರ್ ಹೇಳಿ, ಊಟ ಹೇಳಿ, ಅಲ್ಲೇ ದುಡ್ಡು ಕೊಡಿ. ಎಲ್ಲರ ಊಟವನ್ನೂ ಒಬ್ಬರೇ ಒಟ್ಟಿಗೆ ಹೇಳುವುದು ಮುಖ್ಯ. ನಾಲ್ಕು ಮನೆಯವರು ನಾಲ್ಕು ಸಲ ಹೇಳಿದರೆ ಅಡುಗೆಮನೆಗೆ ನಾಲ್ಕು ಚೀಟಿ ಹೋಗುತ್ತವೆ. ಒಬ್ಬರು ಊಟ ಮುಗಿಸುವಾಗ ಇನ್ನೊಬ್ಬರ ತಟ್ಟೆ ಬರುತ್ತದೆ. ಬಾರ್ ಮುಂದೆ ಸಾಲು ಕಾಣದಿದ್ದರೂ ಸರದಿ ಇದೆ: ನಿಮಗಿಂತ ಮೊದಲು ಬಂದವರು ಯಾರೆಂದು ನೆನಪಿಟ್ಟುಕೊಳ್ಳಿ, ನೋಟು ಬೀಸಬೇಡಿ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಬಿಡಿಸಿ ಕೇಳಲೇಬೇಕು. ರೋಸ್ಟ್ ತಟ್ಟೆಯ ಆಲೂಗಡ್ಡೆಯನ್ನು ಬಾತುಕೋಳಿ ಅಥವಾ ದನದ ಕೊಬ್ಬಿನಲ್ಲಿ ಹುರಿದಿರಬಹುದು. ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದು. ಜೊತೆಗೆ ಕೊಡುವ ಯಾರ್ಕ್‌ಷೈರ್ ಪುಡಿಂಗ್ ಎಂಬ ಉಬ್ಬಿದ, ಸಿಹಿಯಲ್ಲದ ಹಿಟ್ಟಿನ ತಿನಿಸಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಚಿಪ್ಸ್ ಮೀನು ಕರಿದ ಎಣ್ಣೆಯಲ್ಲೇ ಕರಿದದ್ದಾಗಿರಬಹುದು, ಆದ್ದರಿಂದ ‘ಸೆಪರೇಟ್ ಫ್ರೈಯರ್ ಇದೆಯಾ’ ಎಂದು ಕೇಳಿ. ವೂಸ್ಟರ್ ಸಾಸ್‌ನಲ್ಲಿ ಆಂಚೋವಿ ಮೀನು, ಪಾರ್ಮೆಸಾನ್ ಚೀಸ್‌ನಲ್ಲಿ ಕರುವಿನ ರೆನೆಟ್ (ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದು) ಇರುತ್ತದೆ. ಮೆನುವಿನಲ್ಲಿ ಸಸ್ಯಾಹಾರದ ಗುರುತಾದ ‘ವಿ’ ಇದ್ದರೂ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರಿಗೆ ‘ವೀಗನ್’ (ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಎಂದು ಬರೆದದ್ದೇ ಸಲೀಸು. ಮೊಟ್ಟೆ, ಹಾಲು, ಕಡಲೆಕಾಯಿ, ಎಳ್ಳು, ಸಾಸಿವೆ ಸೇರಿ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡುವುದು ಕಾನೂನಿನ ಪ್ರಕಾರ ಅವರ ಹೊಣೆ, ಕೇಳಲು ಸಂಕೋಚ ಬೇಡ. ಇನ್ನೊಂದು ಮಾತು, ಬಿಯರ್ ಕುಡಿಯುವ ಸಸ್ಯಾಹಾರಿಗಳಿಗೆ: ಕೆಲವು ಕಾಸ್ಕ್ ಏಲ್‌ಗಳನ್ನು (ಪೀಪಾಯಿಯಿಂದಲೇ ಬಡಿಸುವ ಬಿಯರ್) ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ.

ಒಂದು ಪಿಂಟ್ ಎಂದರೆ 568 ಮಿಲಿ; ಮೊದಲ ಸಲ ಅರ್ಧ ಪಿಂಟ್ ಸಾಕು. ಸ್ನೇಹಿತರು ‘ರೌಂಡ್’ ತಂದರೆ, ಅಂದರೆ ಒಬ್ಬರೇ ಎಲ್ಲರಿಗೂ ದುಡ್ಡು ಕೊಟ್ಟು ಪಾನೀಯ ತಂದರೆ, ಮುಂದಿನದು ನಿಮ್ಮ ಪಾಳಿ. ಆ ಲೆಕ್ಕ ಬೇಡವೆಂದರೆ ಮೊದಲ ಲೋಟಕ್ಕೂ ಮುಂಚೆ ಹೇಳಿಬಿಡಿ. ಇಲ್ಲಿ ಲೆಮನೇಡ್ ಎಂದರೆ ಸಿಹಿ ಸೋಡಾ, ನಮ್ಮ ನಿಂಬೆ ಪಾನಕವಲ್ಲ. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತಕ್ಕೆ 80 ಮಿ.ಗ್ರಾಂ. ಆಲ್ಕೋಹಾಲ್, ಸ್ಕಾಟ್‌ಲೆಂಡಿನಲ್ಲಿ 50. ಎಷ್ಟು ಕುಡಿದರೆ ಎಷ್ಟಾಗುತ್ತದೆಂದು ಊಹಿಸಲು ಹೋಗಬೇಡಿ, ಓಡಿಸುವವರು ಮುಟ್ಟದಿರುವುದೇ ಸರಿ.

ನದಿಯ ವಿಷಯ. ಥೇಮ್ಸ್‌ನಲ್ಲಿ ಪಶ್ಚಿಮ ಲಂಡನ್ನಿನ ಟೆಡಿಂಗ್ಟನ್‌ವರೆಗೂ ಸಮುದ್ರದ ಉಬ್ಬರವಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ರಿಚ್ಮಂಡ್, ಟ್ವಿಕೆನ್‌ಹ್ಯಾಮ್‌ಗಳ ದಡದ ರಸ್ತೆಗೇ ನೀರು ಬರುವುದುಂಟು. ಅಲ್ಲಿ ನಿಲ್ಲಿಸಿದ ಕಾರು ಊಟ ಮುಗಿಯುವಷ್ಟರಲ್ಲಿ ನೀರಲ್ಲಿರುತ್ತದೆ. ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಉಬ್ಬರದ ಪಟ್ಟಿ ನೋಡಿ, ಕಾರನ್ನು ಮೇಲಿನ ಬೀದಿಯಲ್ಲಿ ಬಿಡಿ, ಇಲ್ಲವೇ ರೈಲಿನಲ್ಲಿ ಹೋಗಿ. ಎಷ್ಟೋ ಕಡೆ ದಡಕ್ಕೆ ಕಂಬಿಯಿಲ್ಲ, ನೀರಿಳಿದ ಮೆಟ್ಟಿಲುಗಳಲ್ಲಿ ಪಾಚಿ ಜಾರುತ್ತದೆ. ಮಕ್ಕಳ ಮೇಲೆ ಒಬ್ಬರ ಕಣ್ಣು ಇರಲಿ.

ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಸೇರಿದ್ದರೆ ಮತ್ತೆ ಟಿಪ್ಸ್ ಬೇಕಿಲ್ಲ. ಮಳೆ ಬಂದು ಹೊರಗಿನ ಟೇಬಲ್‌ನಿಂದ ಒಳಗೆ ಬಂದರೆ ಹೊಸ ನಂಬರನ್ನು ಬಾರ್‌ನಲ್ಲಿ ತಿಳಿಸಿ, ಇಲ್ಲದಿದ್ದರೆ ನಿಮ್ಮ ಊಟ ಮಳೆಯಲ್ಲೇ ನಿಮ್ಮನ್ನು ಹುಡುಕುತ್ತದೆ.