ಕಟ್ಟಡ ಕೆಲಸದಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದವರನ್ನು ಬಿಡಿಸುವ ಬಗೆ

ರಾಯಚೂರು, ಯಾದಗಿರಿ ಕಡೆಯಿಂದ, ಒಡಿಶಾ, ಬಿಹಾರಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವ ಅನೇಕರಿಗೆ ಮೇಸ್ತ್ರಿ ಊರಲ್ಲೇ ಮುಂಗಡ ಕೊಟ್ಟಿರುತ್ತಾನೆ. ಮುಂಗಡ ಪಡೆದ ಮಾತ್ರಕ್ಕೆ ಯಾರೂ ಜೀತದಾಳಾಗುವುದಿಲ್ಲ. ಆದರೆ ಆ ಸಾಲದ ಕಾರಣಕ್ಕೆ ಬೇರೆ ಕಡೆ ದುಡಿಯಲು ಅಥವಾ ಓಡಾಡಲು ಬಿಡದಿದ್ದರೆ, ಇಲ್ಲವೇ ಕನಿಷ್ಠ ಕೂಲಿ ಕೊಡದೆ ದುಡಿಸಿಕೊಂಡರೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಜೀತ. ಬೀಗವೂ ಕಾವಲೂ ಇರಲೇಬೇಕೆಂದಿಲ್ಲ.

ಮೊದಲು ಅವರನ್ನು ಶೆಡ್ಡಿನಿಂದ ದೂರ, ಭಾನುವಾರ ರೇಷನ್ನಿಗೆ ಬಂದಾಗ ಮಾತನಾಡಿಸಿ. ‘ನಾಳೆ ಊರಿಗೆ ಹೊರಟರೆ ಮೇಸ್ತ್ರಿ ಏನನ್ನುತ್ತಾನೆ?’ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಮುಕ್ಕಾಲು ವಿಷಯ ಹೊರಬೀಳುತ್ತದೆ. ಆಧಾರ್ ಕಾರ್ಡ್ ಯಾರ ಬಳಿಯಿದೆ ಎಂಬುದನ್ನೂ ಕೇಳಿ.

ಆಮೇಲೆ ಲೆಕ್ಕ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿರುವುದರಿಂದ, ಕಾರ್ಮಿಕರೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮಾಡಿದ ಕೆಲಸ, ವಾರದ ಖರ್ಚಿಗೆಂದು ಕೈಗೆ ಬಂದ ಹಣ, ಇಷ್ಟನ್ನು ದಿನವೂ ಬರೆಯಲಿ. ಬರೆಯಲು ಬಾರದವರು ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ 9.25 ರೂಪಾಯಿ ದಿನಗೂಲಿಯಿಂದ ಆಳುಗಳನ್ನು ಕರೆತರುವ ಜಮಾದಾರರು ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಒಂದು ರೂಪಾಯಿಯ ಲೆಕ್ಕ ಅಷ್ಟು ದೂರ ಹೋಯಿತು.

ಅರ್ಜಿಯನ್ನು ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಕೊಟ್ಟು, ಸ್ವೀಕೃತಿ ಪಡೆಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ: ‘ಕೂಲಿ ಬಾಕಿಯಿದೆ’ ಎಂದಷ್ಟೇ ಬರೆದರೆ ಅದು ಬರೀ ಕೂಲಿ ತಕರಾರಾಗಿ ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ. ಮುಂಗಡ ಎಷ್ಟು, ಯಾರು ಕೊಟ್ಟರು, ಹೋಗಲು ಹೇಗೆ ತಡೆದರು ಎಂಬುದನ್ನು ಬರೆದು, ‘ಜೀತ’ ಎಂಬ ಪದವನ್ನೇ ಬಳಸಿ. ಕಾಯ್ದೆಯ 15ನೇ ಕಲಮಿನಂತೆ, ಕಾರ್ಮಿಕ ಇದು ಜೀತದ ಸಾಲ ಎಂದಾಗ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀವಭಯವಿದ್ದರೆ 112ಕ್ಕೂ, ಮಕ್ಕಳಿದ್ದರೆ 1098ಕ್ಕೂ, ಉಚಿತ ಕಾನೂನು ನೆರವಿಗೆ 15100ಕ್ಕೂ ಕರೆ ಮಾಡಿ.

ಈ ನಡುವೆ ‘ಅರ್ಧ ಮುಂಗಡ ಕಟ್ಟಿ ಹೊರಟುಬಿಡಿ’ ಎಂಬ ರಾಜಿಗೆ ಒಪ್ಪಬೇಡಿ. ಜೀತದ ಸಾಲ ಕಾಯ್ದೆಯಲ್ಲೇ ರದ್ದಾಗಿದೆ. ಅದನ್ನು ವಸೂಲು ಮಾಡುವುದೇ ಅಪರಾಧ.

ವಿಚಾರಣೆಯಲ್ಲಿ ಜೀತವೆಂದು ಕಂಡುಬಂದರೆ ಬಿಡುಗಡೆ ಪತ್ರ ಕೊಡುತ್ತಾರೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಮುಂದಿನ ನೆರವು ಗಂಡಸರಿಗೆ ಒಂದು ಲಕ್ಷ, ಹೆಂಗಸರಿಗೆ ಎರಡು ಲಕ್ಷ. ಆದ್ದರಿಂದ ಪತ್ರವನ್ನು ಗಂಡನ ಹೆಸರಿಗೆ ಮಾತ್ರ ಬರೆಸಿಕೊಂಡು ಬಸ್ಸು ಹತ್ತಿಸಬೇಡಿ. ಪಕ್ಕದಲ್ಲೇ ಜಲ್ಲಿ ಹೊತ್ತ ಹೆಂಡತಿಗೂ ಪ್ರತ್ಯೇಕ ಪತ್ರವನ್ನು ಕೇಳಿ ಪಡೆಯಿರಿ.